ನೆಟ್‌ವರ್ಕ್ ಮಾರ್ಕೆಟಿಂಗ್: ಸೇರುವ ಮೊದಲು, ಸೇರಿಸಿದ ಮೇಲೆ

ಫೋನ್ ಬರುವುದು ಹೆಚ್ಚಾಗಿ ರಾತ್ರಿ ಎಂಟರ ಮೇಲೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಒಮ್ಮೆಯೂ ಮಾತಾಡದ ಗೆಳತಿ ಅಮ್ಮನ ಮಂಡಿನೋವಿನಿಂದ ಹಿಡಿದು ಮಗನ ಮಾರ್ಕಿನ ತನಕ ಎಲ್ಲ ವಿಚಾರಿಸುತ್ತಾಳೆ. ಆಮೇಲೆ ಮೆಲ್ಲ ವಿಷಯಕ್ಕೆ ಬರುತ್ತಾಳೆ. "ಭಾನುವಾರ ಫ್ರೀ ಉಂಟಾ? ಕಲ್ಸಂಕದ ಹತ್ತಿರ ಒಂದು ಸಣ್ಣ ಮೀಟಿಂಗ್. ಎಂತ ಅಂತ ಫೋನಲ್ಲಿ ಹೇಳಿದ್ರೆ ಅರ್ಥ ಆಗುದಿಲ್ಲ ಮಾರಾಯ್ತಿ, ನೀನೊಮ್ಮೆ ಬಾ."

ನಾನು ಹೋದೆ. ಅದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಮೀಟಿಂಗ್, ಅಂದರೆ ಸಾಮಾನು ಮಾರಬೇಕು, ಮಾರಲು ಇನ್ನೊಬ್ಬರನ್ನೂ ಸೇರಿಸಬೇಕು, ಅವರ ವ್ಯಾಪಾರದಿಂದಲೂ ಕಮಿಷನ್ ಬರುತ್ತದೆ. ಆ ಕಂಪನಿ ಎರಡು ವರ್ಷದಲ್ಲಿ ಬಾಗಿಲು ಹಾಕಿತು. ನನ್ನ ಹದಿನೆಂಟು ಸಾವಿರ ಹೋಯಿತು. ನನ್ನ ಮಾತು ನಂಬಿ ಬಂದ ಒಂಬತ್ತು ಜನರ ದುಡ್ಡೂ ಹೋಯಿತು. ಉಡುಪಿ ದೊಡ್ಡ ಊರಲ್ಲ. ಆ ಒಂಬತ್ತು ಜನ ರಥಬೀದಿಯಲ್ಲಿ ಸಿಗುತ್ತಾರೆ, ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ, ಮದುವೆ ಊಟದ ಸಾಲಿನಲ್ಲಿ ಎದುರಿಗೇ ಕೂರುತ್ತಾರೆ.

ನಾಲ್ಕು ವರ್ಷ ಬಿಟ್ಟು ಇನ್ನೊಂದು ಕಂಪನಿಗೆ ಸೇರಿದೆ. ಮನೆಬಳಕೆಯ ಸಾಮಾನು, ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಹೇರ್ ಆಯಿಲ್. ಈಗಲೂ ಇದ್ದೇನೆ. ತಂಡದಲ್ಲಿ ಮೂವತ್ತೊಂದು ಜನ ಇದ್ದಾರೆ. ಕಾರು ಬಂದಿಲ್ಲ, ಥಾಯ್ಲೆಂಡ್ ಟೂರಿಗೆ ಹೋಗಿಲ್ಲ. ಮನೆಯ ಗ್ಯಾಸು, ಕರೆಂಟ್ ಬಿಲ್ಲು, ಮಗನ ಟ್ಯೂಷನ್ ಇದರಿಂದ ಸಾಗುತ್ತದೆ.

ನನ್ನ ಹತ್ತಿರ ಬರುವವರದ್ದು ಎರಡೇ ಪ್ರಶ್ನೆ. ಹೊಸಬರು "ಸೇರಬಹುದಾ?" ಅಂತ ಕೇಳುತ್ತಾರೆ. ಈಗಾಗಲೇ ಸೇರಿದವರು "ನಾನು ಸೇರಿಸಿದವರು ಯಾಕೆ ಮೂರು ತಿಂಗಳು ನಿಲ್ಲುವುದಿಲ್ಲ?" ಅಂತ ಕೇಳುತ್ತಾರೆ. ಎರಡೂ ಒಂದೇ ಪ್ರಶ್ನೆ ಅಂತ ನನಗೆ ಗೊತ್ತಾಗಲು ಎಂಟು ವರ್ಷ ಹಿಡಿಯಿತು. ಜನ ಬಿಟ್ಟು ಹೋಗುವುದು ಮೂರನೇ ತಿಂಗಳಲ್ಲಿ. ಅದಕ್ಕೆ ಕಾರಣ ಹುಟ್ಟಿರುವುದು ಮೊದಲ ದಿನ, ನಾವು ಹೇಳಿದ ಮಾತಿನಲ್ಲಿ. ಅದಕ್ಕೇ ಈ ಬರಹದ ಮುಕ್ಕಾಲು ಭಾಗ ಆ ಮೊದಲ ದಿನದ ಸುತ್ತ ಇದೆ.

ಹೆಜ್ಜೆ 1: ಫೋನಲ್ಲೇ ಮೂರು ಪ್ರಶ್ನೆ

ಕರೆದವರನ್ನು ಮೂರು ಕೇಳಿ. ಕಂಪನಿಯ ಹೆಸರು ಏನು? ಮಾರುವುದು ಏನನ್ನು? ಸೇರಲು ಎಷ್ಟು ಕೊಡಬೇಕು? ಮೂರರಲ್ಲಿ ಒಂದಕ್ಕಾದರೂ "ಬಂದಾಗ ಹೇಳ್ತೇನೆ" ಎಂಬ ಉತ್ತರ ಬಂದರೆ ಹೋಗಬೇಡಿ. ಹೆಸರು ಹೇಳಲು ನಾಚುವ ವ್ಯಾಪಾರದಲ್ಲಿ ನಾಳೆ ನೀವೂ ಹೀಗೇ ಹೆಸರು ಮುಚ್ಚಿಟ್ಟು ಫೋನ್ ಮಾಡಬೇಕಾಗುತ್ತದೆ.

ಹೋಗುವುದಾದರೆ ಪ್ಯಾನ್, ಆಧಾರ್ ಕಾರ್ಡಿನ ಪ್ರತಿಗಳು ಮನೆಯಲ್ಲೇ ಇರಲಿ. ಅವತ್ತು ದುಡ್ಡು ಹಾಕುವುದಿಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿ ಹೊರಡಿ. ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಮನಸ್ಸು ಕರಗುತ್ತದೆ, ನನ್ನದೂ ಕರಗಿತ್ತು. "ಇವತ್ತೇ ಸೇರಿದರೆ ಮಾತ್ರ ಈ ಆಫರ್" ಅಂದರೆ ನಾಳೆಯೂ ಆ ಆಫರ್ ಇರುತ್ತದೆ, ನಾಡಿದ್ದೂ ಇರುತ್ತದೆ.

ಮೀಟಿಂಗ್‌ನಲ್ಲಿ ಗಡಿಯಾರ ನೋಡಿ. ಸಾಮಾನಿನ ಬಗ್ಗೆ ಎಷ್ಟು ನಿಮಿಷ ಮಾತಾಡಿದರು? ಕಾರು, ಬಂಗಲೆ, "ಬಾಸ್‌ನ ಕೈಕೆಳಗೆ ಎಷ್ಟು ದಿನ" ಇದರ ಬಗ್ಗೆ ಎಷ್ಟು ನಿಮಿಷ? ನಾನು ಮೊದಲು ಹೋದ ಮೀಟಿಂಗ್ ಒಂದೂವರೆ ಗಂಟೆಯದ್ದು. ಸಾಮಾನು ಯಾವುದು ಅಂತ ಕೊನೆಯ ಹತ್ತು ನಿಮಿಷದಲ್ಲಿ ಹೇಳಿದರು. ಅವತ್ತೇ ಎದ್ದು ಬರಬೇಕಿತ್ತು.

ಹೆಜ್ಜೆ 2: ಕಾಗದ ನೋಡಿ

ಇದು ಬೋರಿನ ಕೆಲಸ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಮ್ಮ ದೇಶದಲ್ಲಿ ಈ ವ್ಯಾಪಾರಕ್ಕೆ ಕಾನೂನು ಉಂಟು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿಯಲ್ಲಿ 2021ರ ಡಿಸೆಂಬರ್‌ನಲ್ಲಿ ನೇರ ಮಾರಾಟದ ನಿಯಮಗಳು ಬಂದವು. ಅದರ ಪ್ರಕಾರ ಕಂಪನಿಗೆ ಭಾರತದಲ್ಲಿ ನೋಂದಾಯಿತ ಕಚೇರಿ ಇರಬೇಕು. ಮಾರುವವರ ಜೊತೆ ಮೊದಲೇ ಲಿಖಿತ ಒಪ್ಪಂದ ಆಗಬೇಕು, ಗುರುತಿನ ಚೀಟಿ ಕೊಡಬೇಕು. ದೂರು ಕೇಳುವ ಅಧಿಕಾರಿ ಇರಬೇಕು. ಗ್ರಾಹಕರ ದೂರು ಬಂದ 48 ಕೆಲಸದ ಗಂಟೆಗಳೊಳಗೆ "ತಲುಪಿದೆ" ಅಂತ ಹೇಳಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ಪಿರಮಿಡ್ ಸ್ಕೀಮ್ ನಡೆಸುವುದಕ್ಕೆ ನಿಷೇಧ ಇದೆ.

ಪಿರಮಿಡ್ ಅಂದರೆ ಏನು ಅಂತ ಸರಳವಾಗಿ ಹೇಳುತ್ತೇನೆ. ಸಾಮಾನು ಮಾರಿದ್ದಕ್ಕೆ ಕಮಿಷನ್ ಬಂದರೆ ಅದು ವ್ಯಾಪಾರ. ತಲೆ ಸೇರಿಸಿದ್ದಕ್ಕೇ ದುಡ್ಡು ಬಂದರೆ ಅದು ಪಿರಮಿಡ್. ದುಡ್ಡನ್ನು ಜನರ ಕೈಯಿಂದ ಕೈಗೆ ತಿರುಗಿಸುವ ಸ್ಕೀಮುಗಳನ್ನು 1978ರಲ್ಲೇ ಬೇರೆ ಕಾಯ್ದೆ ತಂದು ನಿಷೇಧಿಸಿದ್ದಾರೆ. ತಿಂಗಳಿಗೆ ಸಾವಿರ ಕಟ್ಟಿ, ಡ್ರಾದಲ್ಲಿ ಸ್ಕೂಟರ್ ಗೆಲ್ಲಿ ಎನ್ನುವ ಲಕ್ಕಿ ಸ್ಕೀಮುಗಳು ಮಂಗಳೂರು ಕಡೆ ಯಾರಿಗೆ ಗೊತ್ತಿಲ್ಲ? ಅದರಲ್ಲಿ ಪೆಟ್ಟು ತಿಂದವರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿದರೆ ಸಾಕು, ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಗುತ್ತದೆ.

ಪ್ಲಾನ್, ಅಂದರೆ ಯಾವುದಕ್ಕೆ ಎಷ್ಟು ದುಡ್ಡು ಬರುತ್ತದೆ ಎಂಬ ಲೆಕ್ಕ, ತೋರಿಸುವವರನ್ನು ಹೀಗೆ ಕೇಳಿ. "ನಾನು ಒಬ್ಬರನ್ನೂ ಸೇರಿಸದೆ ಸುಮ್ನೆ ಸಾಮಾನು ಮಾತ್ರ ಮಾರಿದರೆ ತಿಂಗಳಿಗೆ ಎಷ್ಟು ಸಿಗುತ್ತದೆ?" ಆಮೇಲೆ ತಿರುಗಿಸಿ ಕೇಳಿ. "ಸಾಮಾನು ಒಂದೂ ಮಾರದೆ ಹತ್ತು ಜನರನ್ನು ಸೇರಿಸಿದರೆ?" ಮೊದಲನೆಯದಕ್ಕೆ ಸರಿಯಾದ ಅಂಕಿ, ಎರಡನೆಯದಕ್ಕೆ "ಏನೂ ಇಲ್ಲ" ಎಂಬ ಉತ್ತರ ಬರಬೇಕು. ಉಲ್ಟಾ ಬಂದರೆ ಚಹಾ ಕುಡಿದು ಮನೆಗೆ ಬನ್ನಿ.

ಒಪ್ಪಂದ ಪತ್ರದಲ್ಲಿ ಎರಡು ವಿಷಯಕ್ಕೆ ಕೆಂಪು ಗೆರೆ ಎಳೆಯಿರಿ. ಒಂದು, ಕೂಲಿಂಗ್ ಆಫ್ ಅವಧಿ, ಅಂದರೆ ಸಹಿ ಹಾಕಿದ ಮೇಲೆ ದಂಡ ಇಲ್ಲದೆ ಬಿಟ್ಟುಬಿಡಲು ಇರುವ ದಿನಗಳು. ಎಷ್ಟು ದಿನ ಅಂತ ಪತ್ರದಲ್ಲಿ ಬರೆದಿರಬೇಕು. ಎರಡು, ಮಾರಾಟ ಆಗದೆ ಉಳಿದ ಸಾಮಾನನ್ನು ಕಂಪನಿ ವಾಪಸ್ ತಗೊಳ್ಳುತ್ತದಾ, ಎಷ್ಟು ಕಡಿತ ಮಾಡುತ್ತದೆ ಎಂಬುದು. ನನ್ನ ಅಪ್‌ಲೈನ್, ಅಂದರೆ ನನ್ನನ್ನು ಸೇರಿಸಿದವರು, ಮೊದಲ ಸಲ "ಅದೆಲ್ಲ ನಾವು ನೋಡಿಕೊಳ್ತೇವೆ" ಅಂದಿದ್ದರು. ನೋಡಿಕೊಳ್ಳುವುದಾದರೆ ಬರೆದುಕೊಡಬಹುದಲ್ವಾ?

ತಿನ್ನುವ, ಕುಡಿಯುವ ಸಾಮಾನಾದರೆ ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ಗುರುತು, 14 ಅಂಕಿಯ ಲೈಸೆನ್ಸ್ ನಂಬರ್, ಎಂಆರ್‌ಪಿ, ಎಕ್ಸ್‌ಪೈರಿ ನೋಡಿ. ಇನ್ನೊಂದು ಮಾತು. "ಈ ಪೌಡರ್ ಕುಡಿದರೆ ಶುಗರ್ ಹೋಗುತ್ತದೆ, ಕ್ಯಾನ್ಸರ್ ಗುಣ ಆಗುತ್ತದೆ" ಎಂದು ಸ್ಟೇಜಿನಲ್ಲಿ ಹೇಳುವವರನ್ನು ಕಂಡರೆ ದೂರ ಇರಿ. ಇಂಥ ರೋಗಗಳನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಮಾಡುವುದಕ್ಕೆ 1954ರಿಂದಲೇ ಕಾನೂನಿನ ತಡೆ ಉಂಟು. ನಾಳೆ ನೀವು ಅದೇ ಮಾತನ್ನು ಪಕ್ಕದ ಮನೆಯ ಅಜ್ಜಿಗೆ ಹೇಳಿ, ಅವರು ಇನ್ಸುಲಿನ್ ಬಿಟ್ಟರೆ? ದುಡ್ಡು ಹೋದರೆ ದುಡಿಯಬಹುದು.

ಹೆಜ್ಜೆ 3: ಒಂದು ತಿಂಗಳು ಬರೀ ಗ್ರಾಹಕರಾಗಿರಿ

ಸೇರಬೇಡಿ. ಸಾಮಾನು ಮಾತ್ರ ತಗೊಳ್ಳಿ, ಕೊಡುವ ಬೆಲೆ ಕೊಟ್ಟೇ ತಗೊಳ್ಳಿ. ಒಂದು ತಿಂಗಳು ಮನೆಯಲ್ಲಿ ಬಳಸಿ. ಅದೇ ತರದ ಸಾಮಾನು ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ಬರೆದಿಡಿ. ಲೀಟರಿಗೆ, ನೂರು ಗ್ರಾಮಿಗೆ ಲೆಕ್ಕ ಹಾಕಿ ಹೋಲಿಸಿ. "ನಮ್ಮದು ಕಾನ್ಸನ್ಟ್ರೇಟ್, ಒಂದು ಮುಚ್ಚಳ ಸಾಕು" ಅಂತ ಹೇಳುತ್ತಾರೆ. ಕೆಲವು ಸಲ ಅದು ನಿಜವೇ. ಬಾಟಲಿ ಎಷ್ಟು ದಿನ ಬಂತು ಅಂತ ನೀವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ತಿಂಗಳು ಮುಗಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕಮಿಷನ್ ಅಂತ ಒಂದು ಪೈಸೆ ಇಲ್ಲದಿದ್ದರೂ ನಾನು ಇದನ್ನು ಇದೇ ಬೆಲೆಗೆ ಇನ್ನೊಮ್ಮೆ ತರುತ್ತೇನಾ? ಹೌದು ಎಂಬ ಉತ್ತರ ಬಂದರೆ ಮುಂದಿನ ಹೆಜ್ಜೆ ನೋಡಿ. ಇಲ್ಲ ಅಂತಾದರೆ ನಿಮ್ಮ ಡೌನ್‌ಲೈನ್, ಅಂದರೆ ನೀವು ಸೇರಿಸಿದವರು ಕೂಡ ಹಾಗೇ ಅಂದುಕೊಳ್ಳುತ್ತಾರೆ. ಅವರು ದುಡ್ಡು ಬರುವ ಆಸೆಯಲ್ಲಿ ಎರಡು ತಿಂಗಳು ಖರೀದಿ ಮಾಡಿ, ಮೂರನೇ ತಿಂಗಳು ನಿಮ್ಮ ಫೋನ್ ಎತ್ತುವುದಿಲ್ಲ.

ನೆಂಟರಲ್ಲದ ಮೂವರಿಗೆ ಮಾರಲು ನೋಡಿ. ಅಕ್ಕ, ಅತ್ತಿಗೆ ತಗೊಂಡರೆ ಅದು ಪ್ರೀತಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಬಾಡಿಗೆ ಮನೆಯವರು ಎರಡನೇ ಸಲ ಕೇಳಿ ತಗೊಂಡರೆ ಅದು ವ್ಯಾಪಾರ.

ಹೆಜ್ಜೆ 4: ಲೆಕ್ಕದ ಪುಸ್ತಕ ತೆರೆಯಿರಿ

ಸ್ಟೇಜಿನ ಮೇಲೆ ತೋರಿಸುವ ಲೆಕ್ಕ ಹೀಗಿರುತ್ತದೆ. ನೀವು ಆರು ಜನರನ್ನು ಸೇರಿಸಿ, ಆ ಆರು ಜನ ಆರಾರು ಜನರನ್ನು ಸೇರಿಸಲಿ. ಬೋರ್ಡಿನ ಮೇಲೆ ಗೋಲ ಗೋಲ ಬರೆಯುತ್ತಾರೆ, ನೋಡಲು ಚಂದ. ಆ ಬೋರ್ಡನ್ನು ಸ್ವಲ್ಪ ಮುಂದಕ್ಕೆ ನೀವೇ ಬರೆಯಿರಿ. ನಾಲ್ಕನೇ ಸಾಲಿನಲ್ಲಿ 1,296 ಜನ. ಆರನೇ ಸಾಲಿನಲ್ಲಿ 46,656. ಎಂಟನೇ ಸಾಲಿನಲ್ಲಿ 16,79,616. ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 11,77,361 ಇತ್ತು, ತೊಟ್ಟಿಲಲ್ಲಿ ಮಲಗಿದ ಮಕ್ಕಳೂ ಸೇರಿ. ಅಂದರೆ ಎಂಟನೇ ಸಾಲಿನವರು ಸೇರಿಸಲು ಘಟ್ಟ ಹತ್ತಬೇಕು. ಹತ್ತಿದರೂ ಅಲ್ಲಿ ಇನ್ನೊಬ್ಬರ ಸಾಲು ಇಳಿದು ಬರುತ್ತಿರುತ್ತದೆ.

ನಿಜವಾದ ಲೆಕ್ಕ ಬೇರೆ ತರ ಇರುತ್ತದೆ. ನನ್ನ ಪುಸ್ತಕದ ಒಂದು ಸಾಧಾರಣ ತಿಂಗಳನ್ನು ಇಲ್ಲಿ ಬರೆಯುತ್ತೇನೆ. ಎಂಆರ್‌ಪಿಯಲ್ಲಿ ಮಾರಿದ್ದು 12,000 ರೂಪಾಯಿಯ ಸಾಮಾನು. ನನಗೆ ಅದು ಬಿದ್ದದ್ದು 9,600ಕ್ಕೆ. ಉಳಿದದ್ದು 2,400. ತಂಡದ ವ್ಯಾಪಾರದ ಕಮಿಷನ್ 3,150. ಒಟ್ಟು 5,550. ಇಲ್ಲಿಗೆ ನಿಲ್ಲಿಸಿದರೆ ಖುಷಿ ಆಗುತ್ತದೆ, ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಈಗ ಖರ್ಚು: ಬಸ್ಸು ಮತ್ತು ಸ್ಕೂಟಿಯ ಪೆಟ್ರೋಲ್ 850, ಫೋನ್ 150, ಸ್ಯಾಂಪಲ್ 400, ಹಾಲ್ ಬಾಡಿಗೆಯ ನನ್ನ ಪಾಲು 300, "ನಾಳೆ ಕೊಡ್ತೇನೆ" ಅಂದು ಕೊಡದ ಒಬ್ಬರ ಬಾಕಿ 500, ಟಿಡಿಎಸ್ (ಕಂಪನಿ ಮೊದಲೇ ಹಿಡಿದುಕೊಳ್ಳುವ ತೆರಿಗೆ) 63. ಒಟ್ಟು 2,263. ಕೈಯಲ್ಲಿ ಉಳಿದದ್ದು 3,287 ರೂಪಾಯಿ. ಕೆಲಸ ಮಾಡಿದ್ದು ಸುಮಾರು 40 ಗಂಟೆ. ಗಂಟೆಗೆ 82 ರೂಪಾಯಿ ಬಿತ್ತು. ಮನೆಯಲ್ಲೇ ಬ್ಲೌಸ್ ಹೊಲಿಯುವ ನನ್ನ ಅಕ್ಕನಿಗೆ ಇದಕ್ಕಿಂತ ಜಾಸ್ತಿ ಬರುತ್ತದೆ. ಅವಳು ಅದನ್ನು ಆಗಾಗ ನೆನಪಿಸುತ್ತಾಳೆ ಕೂಡ.

ಇದು ಇಷ್ಟು ವರ್ಷ ಆದ ಮೇಲಿನ ತಿಂಗಳು. ಮೊದಲ ವರ್ಷ ಕಮಿಷನ್ ಮೂರಂಕಿ ದಾಟಿದ್ದೇ ಕಡಿಮೆ.

ಟಿಡಿಎಸ್ ಬಗ್ಗೆ ಒಂದು ಮಾತು. ಕಮಿಷನ್ ವರ್ಷಕ್ಕೆ 20,000 ದಾಟಿದರೆ ಕಂಪನಿ ಶೇಕಡಾ 2 ಹಿಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಶೇಕಡಾ 20. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರು ರಿಟರ್ನ್ ಹಾಕಿ ಅದನ್ನು ವಾಪಸ್ ಪಡೆಯಬಹುದು. ನಮ್ಮ ತಂಡದ ಅರ್ಧಕ್ಕರ್ಧ ಜನ ಅದನ್ನು ಬಿಟ್ಟೇಬಿಟ್ಟಿದ್ದರು. ಈಗ ಜುಲೈ ಮೊದಲು ಎಲ್ಲರೂ ಒಟ್ಟಿಗೆ ಕೂತು ಹಾಕುತ್ತೇವೆ.

ಹೆಜ್ಜೆ 5: ಮನೆಯಲ್ಲಿ ಗೆರೆ ಎಳೆಯಿರಿ

ಒಂದು ಹಾಳೆ ತಗೊಳ್ಳಿ. ಎಷ್ಟು ದುಡ್ಡು ಹೋದರೆ ಸಹಿಸಬಹುದು, ಎಷ್ಟು ತಿಂಗಳು ನೋಡಬಹುದು ಅಂತ ಎರಡೇ ಸಾಲು ಬರೆಯಿರಿ. ನಾನು ಎರಡನೇ ಸಲ ಬರೆದದ್ದು "ಐದು ಸಾವಿರ, ಆರು ತಿಂಗಳು". ಮನೆಯವರೂ ಓದಿದರು. ಬಂಗಾರ ಅಡವಿಡುವುದು, ಸಂಘದಿಂದ ಸಾಲ ಎತ್ತುವುದು, ಮಗಳ ಆರ್‌ಡಿ ಒಡೆಯುವುದು ಇದಕ್ಕೆ ಬೇಡವೇ ಬೇಡ. ಸ್ವಸಹಾಯ ಸಂಘದ ಸಾಲ ತಂದು ಸ್ಟಾಕ್ ತುಂಬಿದವರ ಕತೆ ನಾನು ಮೂರು ಕಂಡಿದ್ದೇನೆ. ವಾರ ವಾರ ಕಂತು ಕಟ್ಟಬೇಕು. ಶ್ಯಾಂಪೂ ವಾರ ವಾರ ಮಾರಾಟ ಆಗುವುದಿಲ್ಲ.

ಇಲ್ಲಿಯವರೆಗಿನ ಐದೂ ದಾಟಿ ಮನಸ್ಸು ಇನ್ನೂ "ಸರಿ" ಅನ್ನುತ್ತಿದ್ದರೆ ಸೇರಿ.

ಹೆಜ್ಜೆ 6: ಇನ್ನೊಬ್ಬರನ್ನು ಸೇರಿಸುವ ದಿನ

ಸೇರಿದ ಮರುದಿನ ಅಪ್‌ಲೈನ್ ನಿಮ್ಮಿಂದ ನೂರು ಹೆಸರಿನ ಲಿಸ್ಟ್ ಬರೆಸುತ್ತಾರೆ. ಬರೆಯಿರಿ, ಆದರೆ ಮೊದಲ ಮೂರು ತಿಂಗಳು ಅವರನ್ನು ಗ್ರಾಹಕರಾಗಿ ಮಾತ್ರ ನೋಡಿ. ನೀವೇ ಮಾರಲು ಕಲಿಯದೆ ಇನ್ನೊಬ್ಬರಿಗೆ ಏನು ಕಲಿಸುತ್ತೀರಿ?

ಕೇಳುವ ಜಾಗವೂ ಮುಖ್ಯ. ಮದುವೆ ಹಾಲ್‌ನಲ್ಲಿ ಬೇಡ, ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲಂತೂ ಬೇಡವೇ ಬೇಡ. ಕೋಲ ನೋಡಲು ಬಂದವರ ಪಕ್ಕ ಕೂತು ಪ್ಲಾನ್ ತೋರಿಸಿದವರನ್ನೂ ನಾನು ಕಂಡಿದ್ದೇನೆ, ದೈವದ ಎದುರೇ! ಮನೆಗೆ ಹೋಗುವುದಾದರೆ ಮೊದಲೇ ಫೋನ್ ಮಾಡಿ, ಗುರುತಿನ ಚೀಟಿ ಹಿಡಿದೇ ಹೋಗಿ. ಇದು ಮರ್ಯಾದೆಯೂ ಹೌದು, ಆ 2021ರ ನಿಯಮದಲ್ಲೂ ಇದೇ ಉಂಟು.

ಈಗ ಮಾತು. ನಾನು ಹೊಸಬರಿಗೆ ಹೇಳುವುದು ಹೆಚ್ಚು ಕಡಿಮೆ ಹೀಗೆ:

"ನೋಡಿ ಅಕ್ಕ, ನನಗೆ ಕೈಯಲ್ಲಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ ಉಳಿಯುತ್ತದೆ. ಪುಸ್ತಕ ಇಲ್ಲಿ ಉಂಟು, ನೋಡಿ. ನಿಮಗೆ ಮೊದಲ ಆರು ತಿಂಗಳು ಮುನ್ನೂರು ನಾನೂರು ಬಂದರೆ ಅದೇ ದೊಡ್ಡದು. ಮನೆಗೆ ಬೇಕಾದ ಸಾಮಾನು ಕಡಿಮೆಗೆ ಸಿಗುತ್ತದೆ, ಅದು ಗ್ಯಾರಂಟಿ. ಇನ್ನೊಬ್ಬರನ್ನು ಸೇರಿಸಲೇಬೇಕು ಅಂತ ಇಲ್ಲ. ಸ್ಟಾಕ್ ಇಡಬೇಡಿ. ಬೇಡ ಅನ್ನಿಸಿದ ದಿನ ನನಗೇ ಹೇಳಿ, ಉಳಿದ ಸಾಮಾನು ವಾಪಸ್ ಮಾಡಲು ನಾನೇ ಫಾರ್ಮ್ ತುಂಬಿಸಿ ಕೊಡ್ತೇನೆ."

ಇಷ್ಟು ಹೇಳಿದರೆ ಹತ್ತರಲ್ಲಿ ಏಳು ಜನ ಸೇರುವುದಿಲ್ಲ. ನನ್ನ ಅಪ್‌ಲೈನ್‌ಗೆ ಇದರಿಂದ ತಲೆಬಿಸಿ. "ನೀವು ಹೀಗೆ ಹೇಳಿದ್ರೆ ಯಾರು ಬರ್ತಾರೆ ಮಾರಾಯ್ರೆ?" ಅಂತ ಕೇಳುತ್ತಾರೆ. ಬರುವ ಮೂವರು ಉಳಿಯುತ್ತಾರೆ. ಅವರಿಗೆ ಮೊದಲ ತಿಂಗಳು 280 ರೂಪಾಯಿ ಬಂದಾಗ "ಬಂತು" ಅನ್ನಿಸುತ್ತದೆ. ಐವತ್ತು ಸಾವಿರದ ಕನಸು ಕಟ್ಟಿಸಿದ್ದರೆ ಅದೇ 280ಕ್ಕೆ ಅಳು ಬರುತ್ತಿತ್ತು.

ಕೆಲವರನ್ನು ಅವರೇ ಕೇಳಿದರೂ ನಾನು ಸೇರಿಸುವುದಿಲ್ಲ. ಸಾಲದಲ್ಲಿ ಮುಳುಗಿ "ಇದರಿಂದ ತೀರಿಸ್ತೇನೆ" ಎನ್ನುವವರು. ಕೆಲಸ ಬಿಟ್ಟು ಬರಲು ತಯಾರಾದವರು. ಗಂಡನಿಗೆ ಗೊತ್ತಾಗದೆ, ಹೆಂಡತಿಗೆ ಗೊತ್ತಾಗದೆ ಮಾಡಲು ಹೊರಟವರು. ಇಂಥವರು ಬಿಟ್ಟು ಹೋಗುವಾಗ ಅವರ ಜೊತೆ ಇಡೀ ಮನೆಯೇ ನಿಮಗೆ ಬೆನ್ನು ಹಾಕುತ್ತದೆ.

ಹೆಜ್ಜೆ 7: ಮೊದಲ ಮೂವತ್ತು ದಿನ

ನಮ್ಮ ಊರಲ್ಲಿ ಜನರನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಪಿಗ್ಮಿ ಕಲೆಕ್ಟರ್‌ನನ್ನು ನೋಡಿ ಕಲಿಯಬೇಕು. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ. ಬ್ಯಾಂಕಿನವರು ಅಂಗಡಿ ಬಾಗಿಲಿಗೆ, ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. ನನ್ನ ಅಪ್ಪನ ಸಣ್ಣ ಅಂಗಡಿಗೆ ಬರುತ್ತಿದ್ದ ಪಿಗ್ಮಿ ಮಾಮನನ್ನು ನಾನು ಕಂಡಿದ್ದೇನೆ. ಮಳೆ ಇರಲಿ, ಬಂದ್ ಇರಲಿ, ಬಂದೇ ಬರುತ್ತಿದ್ದರು. ದುಡ್ಡು ಇಲ್ಲದ ದಿನವೂ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಪುಸ್ತಕದಲ್ಲಿ ಬರೆದು, ತೋರಿಸಿ, ಸಹಿ ಹಾಕುತ್ತಿದ್ದರು. ಒಂದು ಭಾಷಣ ಮಾಡಿದ್ದು ನಾನು ಕೇಳಿಲ್ಲ.

ಹಾಗಾಗಿ ಹೊಸಬರು ಬಂದ ಮೊದಲ ತಿಂಗಳು ನಾನು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಅದೇ ದಿನ, ಅದೇ ಹೊತ್ತಿಗೆ. ಮೊದಲ ಮೂರು ಮಾರಾಟಕ್ಕೆ ನಾನೂ ಜೊತೆಗೆ ಹೋಗುತ್ತೇನೆ. ಮಾತಾಡುವುದು ಅವರು, ನಾನು ಚಹಾ ಕುಡಿಯುತ್ತೇನೆ. ಗ್ರಾಹಕರು "ಬೇಡ" ಅಂದರೆ ಹೊರಗೆ ಬಂದ ಮೇಲೆ ನಗುತ್ತೇವೆ. ಆ "ಬೇಡ" ಒಬ್ಬರೇ ಇದ್ದಾಗ ಕೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಇಬ್ಬರಿದ್ದರೆ ಅದು ಬರೀ ಒಂದು ಮನೆಯ ಮಾತು.

ಮೊದಲ ಪೇಔಟ್ (ಕಮಿಷನ್ ದುಡ್ಡು) ಬಂದಾಗ ಸ್ಟೇಟ್‌ಮೆಂಟ್ ತೆಗೆದು ಸಾಲು ಸಾಲು ಓದಿ ಹೇಳಿ. ಖರೀದಿಗೆ ಸಿಕ್ಕ ಪಾಯಿಂಟ್ ಎಷ್ಟು, ಯಾವುದಕ್ಕೆ ಎಷ್ಟು ಶೇಕಡಾ, ಎಷ್ಟು ಹಿಡಿದರು, ಯಾಕೆ. ನಿಮಗೇ ಅರ್ಥ ಆಗದ ಸಾಲು ಇದ್ದರೆ ಕಂಪನಿಗೆ ಫೋನ್ ಮಾಡಿ ಇಬ್ಬರೂ ಒಟ್ಟಿಗೆ ಕೇಳಿ. ಲೆಕ್ಕ ಗೊತ್ತಿಲ್ಲದವರು ಸಂಶಯದಲ್ಲಿ ಬಿಡುತ್ತಾರೆ. ನನ್ನ ಮೊದಲ ಕಂಪನಿಯಲ್ಲಿ "ಸಿಸ್ಟಮ್ ತಗೊಳ್ತದೆ" ಎಂಬ ಉತ್ತರ ಬಿಟ್ಟರೆ ಬೇರೆ ಸಿಗಲಿಲ್ಲ.

ಮತ್ತೆ ಸ್ಟಾಕ್. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾಪುವಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಮೊದಲ ಕಂಪನಿಗೆ ಅವರನ್ನು ಸೇರಿಸಿದ್ದು ನಾನೇ. ತಿಂಗಳ ಕೊನೆಗೆ ಕಂಪನಿಯಲ್ಲಿ ಮೇಲಿನ ದರ್ಜೆ, ಅಂದರೆ ನನ್ನ ರ‍್ಯಾಂಕ್ ಮುಟ್ಟಲು ಸ್ವಲ್ಪ ಪಾಯಿಂಟ್ ಕಡಿಮೆ ಬಿತ್ತು. ಅಪ್‌ಲೈನ್ ಹೇಳಿದರು, ನಾನು ಚಿಕ್ಕಮ್ಮನಿಗೆ ಹೇಳಿದೆ, ಅವರು ಹದಿನಾಲ್ಕು ಸಾವಿರದ ಪ್ರೋಟೀನ್ ಪೌಡರ್ ತಗೊಂಡರು. ಮಾರಿದ್ದು ಎರಡು ಡಬ್ಬ. ಉಳಿದವು ಮಂಚದ ಅಡಿಯಲ್ಲಿ ಎಕ್ಸ್‌ಪೈರಿ ಆದವು. ಒಂದು ದಿನವೂ ಅವರು ನನ್ನನ್ನು ಬೈಯಲಿಲ್ಲ. "ಎಂತ ಮಾಡುದು ಮಗಾ, ನಿನಗೆ ಒಳ್ಳೆದಾಗ್ಲಿ ಅಂತ ತಗೊಂಡದ್ದು" ಅಂದರು. ಬೈದಿದ್ದರೆ ಒಳ್ಳೆಯದಿತ್ತು. ದುಡ್ಡನ್ನು ಎರಡು ವರ್ಷ ಸ್ವಲ್ಪ ಸ್ವಲ್ಪ ಮಾಡಿ ಕೊಟ್ಟು ಮುಗಿಸಿದೆ.

ಅಂದಿನಿಂದ ನಮ್ಮ ತಂಡದಲ್ಲಿ ಒಂದೇ ನಿಯಮ. ಆರ್ಡರ್ ಬಂದ ಮೇಲೆ ಸಾಮಾನು ತರಿಸುವುದು. ತಿಂಗಳ 28, 29ಕ್ಕೆ ಮೇಲಿನಿಂದ "ಇನ್ನು ಸ್ವಲ್ಪ ಪಾಯಿಂಟ್ ಮಾಡಿ" ಎಂಬ ಫೋನ್ ಬಂದರೆ ಅದು ನನ್ನ ಹತ್ತಿರ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಇದರಿಂದ ಎರಡು ಸಲ ನನಗೆ ರ‍್ಯಾಂಕ್ ತಪ್ಪಿತು. ತಪ್ಪಲಿ.

ಹೆಜ್ಜೆ 8: ಮಳೆಗಾಲ ದಾಟಿಸಿ

ಬೇರೆ ಊರಿನ ಟ್ರೈನರ್‌ಗಳಿಗೆ ಇದು ಗೊತ್ತಿರುವುದಿಲ್ಲ. ಕರಾವಳಿಯಲ್ಲಿ ಜನ ಬಿಡುವುದು ಜೂನ್‌ನಿಂದ ಆಗಸ್ಟ್ ನಡುವೆ. ಜೂನ್‌ನಲ್ಲಿ ಶಾಲೆಯ ಫೀಸು, ಪುಸ್ತಕ, ಕೊಡೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರು ಕಡೆಯ ಮನೆಗಳಲ್ಲಿ ಕೈ ಬಿಗಿ. ಆಮೇಲೆ ಆಟಿ, ತುಳುವರ ಮಳೆಗಾಲದ ತಿಂಗಳು; ಮದುವೆ ಮುಂಜಿ ಇಲ್ಲ, ಖರ್ಚು ಇಲ್ಲ. ಮಳೆ ಹೊಡೆತಕ್ಕೆ ಮನೆಯಿಂದ ಮನೆಗೆ ಹೋಗುವುದೂ ಕಷ್ಟ. ಮೇ ತಿಂಗಳಲ್ಲಿ ಹುರುಪಿನಿಂದ ಸೇರಿದವರು ಜುಲೈಯಲ್ಲಿ "ನನ್ನಿಂದ ಆಗುದಿಲ್ಲ" ಅಂತ ಕೂತುಬಿಡುತ್ತಾರೆ. ತಪ್ಪು ಅವರದ್ದಲ್ಲ, ಮಾರ್ಕೆಟ್ಟೇ ಮಲಗಿರುತ್ತದೆ.

ಇದನ್ನು ಮೊದಲೇ ಹೇಳಿಡಿ. "ಜೂನ್, ಜುಲೈ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ಹೆದರಬೇಡಿ." ಆ ಎರಡು ತಿಂಗಳು ಟಾರ್ಗೆಟ್ ಎಂಬ ಶಬ್ದವನ್ನೇ ನಾವು ಎತ್ತುವುದಿಲ್ಲ. ಹಳೆ ಗ್ರಾಹಕರಿಗೆ ಫೋನ್ ಮಾಡಿ ಖಾಲಿ ಆದದ್ದನ್ನು ಮಾತ್ರ ಕೇಳುತ್ತೇವೆ. ನೆಲ ಒರೆಸುವ ಲಿಕ್ವಿಡ್ ಮಾತ್ರ ಆಗ ಜಾಸ್ತಿ ಹೋಗುತ್ತದೆ, ಬೂಷ್ಟಿನ ವಾಸನೆಗೆ. ಆಟಿಯಲ್ಲಿ ಒಂದು ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರಿ ಪತ್ರೊಡೆ ಮಾಡುತ್ತೇವೆ. ಪ್ಲಾನ್ ಮಾತಾಡುವುದಿಲ್ಲ. ಬಿಡಬೇಕು ಅಂತಿದ್ದ ಮೂರು ಜನ ಆ ಪತ್ರೊಡೆಗೆ ಬಂದು ಉಳಿದಿದ್ದಾರೆ ಅಂತ ನನ್ನ ಲೆಕ್ಕ. ಅಷ್ಟಮಿ, ಚೌತಿ ಹತ್ತಿರ ಬಂದ ಹಾಗೆ ವ್ಯಾಪಾರ ತಾನಾಗಿ ಏಳುತ್ತದೆ.

ಹೆಜ್ಜೆ 9: ವಾಟ್ಸಪ್ ಗ್ರೂಪು ಮತ್ತು ಉಳಿದ ಸಣ್ಣಪುಟ್ಟ

ಗ್ರೂಪಿನಲ್ಲಿ ದಿನಕ್ಕೆ ನಲವತ್ತು ಗುಡ್ ಮಾರ್ನಿಂಗ್, ಇಪ್ಪತ್ತು "ಗೆಲ್ಲುವವರು ಬಿಡುವುದಿಲ್ಲ" ಬಂದರೆ ಜನ ಮ್ಯೂಟ್ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ. ನಮ್ಮದರಲ್ಲಿ ಬೆಲೆ ಬದಲಾವಣೆ, ಹೊಸ ಸಾಮಾನು, ಮೀಟಿಂಗ್ ದಿನ ಮಾತ್ರ. ಯಾರ ಆದಾಯದ ಸ್ಕ್ರೀನ್‌ಶಾಟೂ ಹಾಕುವ ಹಾಗಿಲ್ಲ. ಒಬ್ಬರ ಒಂಬತ್ತು ಸಾವಿರ ನೋಡಿ ಇನ್ನೊಬ್ಬರ ಒಂಬೈನೂರು ಸಣ್ಣದಾಗುತ್ತದೆ.

ಹೊಗಳುವಾಗ ಸಣ್ಣದನ್ನು ಹೊಗಳಿ. ಬಾಕಿ ವಸೂಲಿ ಮಾಡಿದವರನ್ನು, ಗ್ರಾಹಕರಿಗೆ ತಪ್ಪು ಸಾಮಾನು ಹೋದಾಗ ಅದೇ ದಿನ ಬದಲಿಸಿ ಕೊಟ್ಟವರನ್ನು.

ಸೇರಿದ ಎಲ್ಲರೂ ವ್ಯಾಪಾರ ಮಾಡಲೇಬೇಕು ಅಂತ ಹಟ ಹಿಡಿಯಬೇಡಿ. ನನ್ನ ಮೂವತ್ತೊಂದರಲ್ಲಿ ಹತ್ತೊಂಬತ್ತು ಜನ ಬರೀ ಮನೆಬಳಕೆಗೆ ತಗೊಳ್ಳುವವರು. ಅವರಿಗೆ ಮೀಟಿಂಗ್ ಬೇಡ, ಝೂಮ್ ಬೇಡ. ಮೊದಲು ನಾನು ಅವರ ಹಿಂದೆ ಬಿದ್ದು "ನೀವೂ ಪ್ಲಾನ್ ತೋರಿಸಿ" ಅಂತ ಪೀಡಿಸಿ ಐದಾರು ಜನರನ್ನು ಕಳೆದುಕೊಂಡೆ. ಸುಮ್ಮನೆ ಬಿಟ್ಟಿದ್ದರೆ ಇವತ್ತಿಗೂ ಸೋಪು ತಗೊಳ್ಳುತ್ತಿದ್ದರು.

ಹೆಜ್ಜೆ 10: ಬಿಡುವವರನ್ನು ಕಳಿಸಿಕೊಡಿ

ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವರು ಬಿಡುತ್ತಾರೆ. ಗಲ್ಫಿಗೆ ಹೋಗುತ್ತಾರೆ, ಮಣಿಪಾಲದಲ್ಲಿ ಕೆಲಸ ಸಿಗುತ್ತದೆ, ಮೊಮ್ಮಗು ಬರುತ್ತದೆ, ಅಥವಾ ಸಾಕು ಅನ್ನಿಸುತ್ತದೆ. "ನಿಮಗೆ ಕನಸೇ ಇಲ್ಲ" ಅಂತ ಚುಚ್ಚಬೇಡಿ. ಅವರು ಹೇಳಿದ ವಾರವೇ ಮನೆಗೆ ಹೋಗಿ. ಉಳಿದ ಸಾಮಾನು ಎಣಿಸಿ, ವಾಪಸ್ ಫಾರ್ಮ್ ತುಂಬಿಸಿ, ಬಿಲ್ಲಿನ ಪ್ರತಿ ಲಗತ್ತಿಸಿ, ಕಳಿಸಿದ ರಶೀದಿ ಅವರ ಕೈಯಲ್ಲಿಡಿ. ಬರಬೇಕಾದ ಕಮಿಷನ್ ಬಾಕಿ ಇದ್ದರೆ ಕಂಪನಿಗೆ ನೀವೇ ಮೇಲ್ ಹಾಕಿ. ಗ್ರೂಪಿನಿಂದ ತೆಗೆಯುವ ಮೊದಲು ಕೇಳಿ. ಕೆಲವರಿಗೆ ಅಲ್ಲೇ ಇರಲು ಆಸೆ ಇರುತ್ತದೆ.

ಕಂಪನಿ ಉತ್ತರ ಕೊಡದಿದ್ದರೆ ದೂರು ಅಧಿಕಾರಿಗೆ ಬರೆಯಿರಿ, ದಿನಾಂಕ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹಾಕಿಸಿಕೊಂಡು ಮಾಯವಾದ ಮೋಸವಾದರೆ 1930ಕ್ಕೆ, ಅದೂ ಗೊತ್ತಾದ ಕೂಡಲೇ. ಅಪ್‌ಲೈನ್‌ಗೆ ಬೇಜಾರಾಗುತ್ತದೆ ಅಂತ ಸುಮ್ಮನೆ ಕೂರಬೇಡಿ.

ಕಾಪುವಿನ ಚಿಕ್ಕಮ್ಮ ಮತ್ತೆ ಸೇರಲಿಲ್ಲ, ನಾನು ಕೇಳಲೂ ಇಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಎರಡು ತಿಂಗಳಿಗೊಮ್ಮೆ ನನ್ನಿಂದಲೇ ತಗೊಳ್ಳುತ್ತಾರೆ, ಎಂಆರ್‌ಪಿ ಕೊಟ್ಟು. ಕಡಿಮೆ ಮಾಡಿಕೊಡ್ತೇನೆ ಅಂದರೆ ಒಪ್ಪುವುದಿಲ್ಲ. ಆ ಪ್ರೋಟೀನ್ ಡಬ್ಬಗಳನ್ನು ತೊಳೆದು ಒಣಗಿಸಿ ಅದರಲ್ಲಿ ಮಾವಿನ ಮಿಡಿ ಉಪ್ಪಿನಲ್ಲಿ ಹಾಕಿಟ್ಟಿದ್ದಾರೆ. ಹೋದ ಸಲ ಒಂದು ಡಬ್ಬ ನನಗೂ ಕೊಟ್ಟರು.